ರಾಣಿವಾಸದ ಪ್ರಸಂಗ ಆಡುವವರಿಗೆ ಸೂಚನೆ

ನೆಲ್ಯಾಡಿ ಆಸುಪಾಸಿನ ಹವ್ಯಾಸಿ ಯಕ್ಷಗಾನ, ನಾಟಕ ತಂಡದವರ ಗಮನಕ್ಕೆ. ಅರಸನ ಪ್ರೇಯಸಿಯ ವೇಷ ಬಂತೆಂದರೆ ನಮ್ಮ ರಂಗದಲ್ಲಿ ಕಾಣುವುದು ಇಷ್ಟೇ: ಸೊಂಟ ಕುಣಿಸುವುದು, ಅರಸನಿಗೆ ಕೈಮದ್ದು ಹಾಕುವುದು, ರಾಣಿಯಿಂದ ಬೈಸಿಕೊಳ್ಳುವುದು. ಇನ್ನು ಇದು ಸಾಕು.

ಮಾಡಬೇಕಾದ್ದು

ಅರ್ಥ ಹೇಳುವವರು ಓದಿಕೊಂಡು ಬನ್ನಿ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಬರೆದಂತೆ, ಕೃಷ್ಣದೇವರಾಯನ ಮೂವರು ಪ್ರಧಾನ ರಾಣಿಯರಲ್ಲಿ ಒಬ್ಬಳು ಗಣಿಕೆ. ಪಟ್ಟ ಸಿಕ್ಕಿದರೆ ಕೈಹಿಡಿಯಬೇಕೆಂದು ಯೌವನದಲ್ಲೇ ಅವನಿಂದ ಮಾತು ತೆಗೆದುಕೊಂಡಿದ್ದಳಂತೆ. ಅವನೂ ನಡೆಸಿಕೊಟ್ಟ. ಭಾಗವತರು ಆ ಸನ್ನಿವೇಶಕ್ಕೆ ಎರಡು ಪದ್ಯ ಹೆಚ್ಚು ಹಾಕಲಿ, ಯುದ್ಧದ ಪದ್ಯ ಎರಡು ಕಡಿಮೆಯಾದರೆ ಯಾರೂ ಎದ್ದು ಹೋಗುವುದಿಲ್ಲ.

ವೀಳ್ಯದ ತಟ್ಟೆ ರಂಗಕ್ಕೆ ಬರಲೇಬೇಕು. ದೇವಾಲಯದ ನರ್ತಕಿಯರು ರಾಣಿಯರ ಜೊತೆ ಕೂತು ವೀಳ್ಯ ಮೆಲ್ಲುತ್ತಿದ್ದರು, ಎಷ್ಟೇ ದೊಡ್ಡ ಮನುಷ್ಯನಾದರೂ ಬೇರೆಯವರಿಗೆ ಆ ಅವಕಾಶವಿರಲಿಲ್ಲ ಎನ್ನುತ್ತಾನೆ ಪಾಯೆಸ್. ಮಂತ್ರಿಯ ವೇಷದವ ಬದಿಯಲ್ಲಿ ನಿಂತೇ ಇರಲಿ.

ಸಖಿಯರ ಕೈಗೆ ಬರೇ ಚಾಮರ ಕೊಡಬೇಡಿ. ಅರಮನೆಯ ಖರ್ಚುವೆಚ್ಚದ ಲೆಕ್ಕ ಬರೆಯುವವರೂ ಹೆಂಗಸರೇ ಆಗಿದ್ದರೆಂದು ಇನ್ನೊಬ್ಬ ಪೋರ್ಚುಗೀಸ ನ್ಯೂನಿಜ್ ದಾಖಲಿಸಿದ್ದಾನೆ. ಒಬ್ಬಳ ಕೈಯಲ್ಲಾದರೂ ಕಡತ ಇರಲಿ.

ಮಾಡಬಾರದ್ದು

ಕೆಳದಿಯವರು ನಮ್ಮ ತುಳುನಾಡನ್ನೂ ಆಳಿದವರು, ಹಾಗಾಗಿ ಅಲ್ಲಿಯ ರಾಣಿ ಚೆನ್ನಮ್ಮಾಜಿಯ ಕಥೆ ಇಲ್ಲಿ ಆಡುವುದು ಸಹಜ. ಆದರೆ ಅವಳ ಗಂಡ, ಅರಸ ಸೋಮಶೇಖರ ನಾಯಕ ಕೆಟ್ಟದ್ದಕ್ಕೆಲ್ಲ ನರ್ತಕಿ ಕಲಾವತಿಯ ತಲೆಗೆ ಗೂಬೆ ಕೂರಿಸಬೇಡಿ. ಅರಸನಿಗೂ ಒಂದು ತಲೆ ಇತ್ತು.

ಹಾಸ್ಯಗಾರರೇ, ಪ್ರೇಯಸಿಯ ಪಾತ್ರದ ಮೇಲೆ ತುಳುವಿನಲ್ಲಿ ಪೋಲಿ ಮಾತು ಬೇಡ. ಚಪ್ಪಾಳೆ ಬಿದ್ದರೂ ಬೇಡ.

ಫೋನಿನಲ್ಲಿ ಕೊರಿಯನ್ ಸೀರಿಯಲ್ ನೋಡಿ ಅಲ್ಲಿಯ ಕಥೆಯನ್ನು ಇಲ್ಲಿಗೆ ಅಂಟಿಸಬಾರದು. ಕೊರಿಯಾದ ಜೋಸೊನ್ ಅರಮನೆಯಲ್ಲಿ ಅರಸನ ಉಪಪತ್ನಿಯರಿಗೆ ಅಧಿಕಾರಿಗಳಿಗಿದ್ದಂತೆ ದರ್ಜೆಗಳಿದ್ದವು. ಅಂಥ ಉಪಪತ್ನಿಯರಲ್ಲಿ ಒಬ್ಬಳಾದ ಜಾಂಗ್ ಹುಯಿಬಿನ್ ರಾಣಿಯ ಪಟ್ಟವನ್ನೂ ಏರಿದಳು, 1694ರಲ್ಲಿ ಅದನ್ನು ಕಳೆದುಕೊಂಡಳು, 1701ರಲ್ಲಿ ಅರಸ ಸುಕ್ಜೋಂಗ್ ಅವಳಿಗೆ ಮರಣದಂಡನೆ ವಿಧಿಸಿದ. ಉಪಪತ್ನಿ ಇನ್ನೆಂದೂ ರಾಣಿಯಾಗಬಾರದೆಂದು ಕಟ್ಟಳೆಯನ್ನೂ ಮಾಡಿದ. ಇಲ್ಲಿ ಗಣಿಕೆ ರಾಣಿಯಾದಳು, ಅಲ್ಲಿ ಬಾಗಿಲೇ ಮುಚ್ಚಿತು. ಎರಡನ್ನೂ ಕಲಸಿದರೆ ಎರಡೂ ಸುಳ್ಳಾಗುತ್ತವೆ.

ತಾಲೀಮಿಗೆ ಬರುವಾಗ ಸಂಭಾಷಣೆ ಬರೆದು ತನ್ನಿ. ಪ್ರೇಯಸಿಯ ಪಾತ್ರಕ್ಕೆ ಸ್ವಂತ ಮಾತಿಲ್ಲದ ಪ್ರಸಂಗವನ್ನು ರಂಗಕ್ಕೇರಿಸಬೇಡಿ.