ಎಣ್ಣೆ ಕುಡಿದ ಬಾಲು

ರಾತ್ರಿ ಹನ್ನೊಂದು ದಾಟಿತ್ತು. ಗ್ಯಾರೇಜಿನಿಂದ ‘ಟಕ್’ ಎಂದು ಒಂದೇ ಒಂದು ಸದ್ದು. ಮಿಷಿಗನ್ನಿನ ಜನವರಿಯಲ್ಲಿ ಮನೆಯ ಮರಮುಟ್ಟು ಹೀಗೆ ಸದ್ದು ಮಾಡುವುದು ಹೊಸದೇನಲ್ಲ ಎಂದುಕೊಂಡು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ನೋಡಿದರೆ ನನ್ನ 15 ಪೌಂಡಿನ ನೇರಳೆ ಟೆನ್‌ಪಿನ್ ಬೌಲಿಂಗ್ ಬಾಲಿನ ಹೆಬ್ಬೆರಳ ತೂತಿನಿಂದ ಹೊರಟ ಬಿರುಕು ಅರ್ಧ ಸುತ್ತು ಬಂದು ನಿಂತಿತ್ತು. ತೂತು ಕೊರೆಸಿದ ಕೂಲಿಯೂ ಸೇರಿ 200 ಡಾಲರಿಗೆ ಮಿಕ್ಕಿದ ಬಾಲು. ಒಂದೂವರೆ ಸೀಸನ್ ಕೂಡ ಬಾಳಲಿಲ್ಲ.

ಬಾಳಲಿಲ್ಲ ಅನ್ನುವುದು ಸರಿಯಲ್ಲ. ನಾನು ಬಾಳಿಸಲಿಲ್ಲ. ಆದರೆ ಇದರಲ್ಲಿ ಇನ್ನೂ ಇಬ್ಬರು ಮೂವರ ಪಾಲಿದೆ, ಅದನ್ನೂ ಹೇಳುತ್ತೇನೆ.

ಬಾಲು ಕೊಂಡ ದಿನವೇ ಅಂಗಡಿಯವನು, ಆಡಿದ ಮೇಲೆ ಪ್ರತಿ ಸಲ ಒರೆಸಿ, 60 ಆಟಕ್ಕೊಮ್ಮೆ ನನ್ನ ಹತ್ತಿರ ತನ್ನಿ, ಮೈ ಉಜ್ಜಿಕೊಡುತ್ತೇನೆ ಎಂದಿದ್ದ. ವ್ಯಾಪಾರದ ಮಾತು ಎಂದುಕೊಂಡೆ. ನನ್ನ ತಲೆಯಲ್ಲಿ ಕೂತಿದ್ದದ್ದು ಹಾಸನದ ಮನೆಯ ಕಾವಲಿ. ಅಮ್ಮನ ಆ ಕಬ್ಬಿಣದ ಕಾವಲಿ ಮೂವತ್ತು ವರ್ಷ ಎಣ್ಣೆ ಕುಡಿದು ಕುಡಿದು ದೋಸೆ ತಾನಾಗಿಯೇ ಎದ್ದು ಬರುವ ಹಾಗಾಗಿತ್ತು. ಸೋಪು ಮುಟ್ಟಿಸಿದರೆ ಬೈಗುಳ. ಬಾಲೂ ಹಾಗೇ ಆಡಿದಷ್ಟೂ ಪಳಗುತ್ತದೆ ಎಂದು ನಂಬಿ ಸುಮಾರು 150 ಆಟ ಒಂದು ಸಲವೂ ಒರೆಸದೆ ಆಡಿದೆ.

ಬಾಲು ಕಾವಲಿಯಲ್ಲ, ಬದನೆಕಾಯಿ. ಬಾಣಲೆಗೆ ಬಿದ್ದ ಬದನೆಕಾಯಿ ಎಣ್ಣೆ ಹೀರುವ ಹಾಗೆ ಲೇನಿನ ಎಣ್ಣೆ ಹೀರುತ್ತದೆ. ಹಳೆಯ ಪಾಲಿಯೆಸ್ಟರ್ ಬಾಲುಗಳಿಗೆ ಈ ಚಟವಿಲ್ಲ, ಯುರಿಥೇನ್ ಬಾಲಿಗೂ ಅಷ್ಟಾಗಿ ಇಲ್ಲ. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಕವರಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಲೇನನ್ನು ಅದು ಕಚ್ಚಿ ಹಿಡಿಯುವುದಕ್ಕೂ ಅವೇ ಕಾರಣ, ಕೆಡುವುದಕ್ಕೂ ಅವೇ ಕಾರಣ. ಎಸೆಯುವ ಜಾಗದ ತುದಿಯ ಫೌಲ್ ಗೆರೆಯಿಂದ ಮುಂದಿನ ಪಿನ್ನಿಗೆ 60 ಅಡಿ. ನಾವು ಆಡುವ ಲೇನಿನಲ್ಲಿ ಮೊದಲ 40 ಅಡಿಯಷ್ಟು ಎಣ್ಣೆ, ಆಮೇಲೆ ಒಣ ನೆಲ. ಎಣ್ಣೆಯ ಮೇಲೆ ಜಾರಿಕೊಂಡು ಹೋದ ಬಾಲು ಒಣ ಜಾಗದಲ್ಲಿ ಕಚ್ಚಿಕೊಂಡು ಒಳಕ್ಕೆ ತಿರುಗಬೇಕು. ಮೈಯೇ ಎಣ್ಣೆಯಾದರೆ ಒಣ ನೆಲವಿದ್ದೂ ಏನು ಬಂತು? ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಎಣ್ಣೆ ತುಂಬುವುದಕ್ಕೆ ಎಷ್ಟೋ ಮೊದಲೇ ಕವರಿನ ಮೇಲಿನ ನವಿರಾದ ಗೀರುಗಳು ಸವೆದು ಹೋಗುತ್ತವೆ. ಕಾರ್ಖಾನೆಯಲ್ಲಿ ಪ್ಯಾಡಿನಿಂದ ಉಜ್ಜಿ ಮೂಡಿಸಿದ ಆ ಒರಟುತನವನ್ನು ಲೇನೇ ಉಜ್ಜಿ ಉಜ್ಜಿ ನುಣುಪು ಮಾಡಿಬಿಡುತ್ತದೆ. ನನ್ನ ಬಾಲು ದಿನದಿನಕ್ಕೆ ಹೊಳೆಯುತ್ತಿತ್ತು. ನಾನು ಆ ಹೊಳಪು ನೋಡಿ ಖುಷಿಪಡುತ್ತಿದ್ದೆ!

ಬಾಲು ಬಿರಿದದ್ದು ಲೀಗಿನ ಮೊದಲರ್ಧದ ಕೊನೆಯ ಬುಧವಾರ. ಗೆದ್ದವರಿಗೆ ಅರ್ಧದ ಪಟ್ಟ. ಎರಡು ಆಟ ಸಮಸಮ, ಮೂರನೆಯದರಲ್ಲಿ ನಾನೇ ಕೊನೆಯ ಆಟಗಾರ. ಬಾಲು ಅರ್ಧ ಗಂಟೆಯಿಂದ ಸರಿಯಾಗಿ ತಿರುಗುತ್ತಿರಲಿಲ್ಲ. ಯಾರದೋ ಚೀಲದಲ್ಲಿದ್ದ, ಬಾಲು ಒರೆಸುವ ಸ್ಪ್ರೇ ತೆಗೆದು ಎರಡು ಸಲ ಹೊಡೆದು ಒರೆಸಲು ಹೊರಟೆ. ಎದುರು ತಂಡದ ನಾಯಕ ಕೈ ಎತ್ತಿದ. ಲೀಗಿನ ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡು ಬಂದರು. 2020ರ ಆಗಸ್ಟಿನಿಂದ ಪಂದ್ಯದ ನಡುವೆ ಬಾಲಿಗೆ ಯಾವ ದ್ರವವನ್ನೂ ಹಚ್ಚುವಂತಿಲ್ಲ, ಒಣ ಬಟ್ಟೆ ಮಾತ್ರ ಎಂಬ ನಿಯಮವಿದೆಯಂತೆ. ಸೀಸನ್ನಿನ ಮೊದಲ ದಿನ ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅವರ ಗಂಟು ಹೋಗುತ್ತಿತ್ತೇ? ಕಾಫಿ ಯಂತ್ರದ ಹಿಂದೆ ಅಂಟಿಸಿದ ಹಾಳೆಯಲ್ಲಿ ಇತ್ತಂತೆ. ನಲವತ್ತು ಜನರ ಎದುರು ನನಗೆ ಎಚ್ಚರಿಕೆ ಕೊಟ್ಟರು. ಒಣ ಟವೆಲಿನಿಂದ ಉಜ್ಜಿದೆ. ಬಾಲು ಮತ್ತೆ ಹೊಳೆಯಿತು.

ಹತ್ತನೆಯ, ಕೊನೆಯ ಫ್ರೇಮು. ಒಂದು ಸ್ಪೇರು, ಅಂದರೆ ಎರಡು ಎಸೆತದಲ್ಲಿ ಹತ್ತೂ ಪಿನ್ನು, ಅದರ ಮೇಲೆ ನಾಲ್ಕು ಪಿನ್ನು ಬಿದ್ದರೆ ಗೆದ್ದೆವು. ಕೈಯಿಂದ ಬಿಟ್ಟದ್ದು ಚೆನ್ನಾಗಿಯೇ ಬಿಟ್ಟೆ. ಇವತ್ತಿಗೂ ಆ ಬಿಡುಗಡೆಯಲ್ಲಿ ತಪ್ಪು ಹುಡುಕಲಾರೆ. ಬಾಲು ಬಲಕ್ಕೆ ಹೋಯಿತು, ಹೋಗಬೇಕಾದ್ದೇ. 40 ಅಡಿ ದಾಟಿತು. ಈಗ ತಿರುಗು ಎಂದೆ. ತಿರುಗಲಿಲ್ಲ. ಬಾ, ಬಾ ಎಂದು ಎಡಗೈ ಬೀಸಿ ಕರೆದೆ, ದನ ಕರೆಯುವ ಹಾಗೆ. ಕೊನೆಯ ಗಳಿಗೆಯಲ್ಲಿ ಒಂದು ಗೇಣು ವಾಲಿ, ಮುಂದಿನ ಪಿನ್ನನ್ನು ಮುಟ್ಟದೆ ಅದರ ಬಲಗಡೆಯಿಂದ ನುಗ್ಗಿಹೋಯಿತು. ಒಂದು, ಎರಡು, ನಾಲ್ಕನೆಯ ಪಿನ್ನುಗಳು ಎಡಕ್ಕೆ ನಿಂತಿದ್ದವು. ಆ ತುದಿಯಲ್ಲಿ ಹತ್ತನೆಯದು ಒಂಟಿಯಾಗಿ. ಹಿಂದಿನಿಂದ ಯಾರೋ ಹಲ್ಲಿನ ನಡುವೆ ಉಸಿರೆಳೆದುಕೊಂಡದ್ದು ಕೇಳಿಸಿತು. ಎರಡನೆಯ ಎಸೆತಕ್ಕೆ ಮೂರು ಬಿದ್ದವು, ಹತ್ತನೆಯದು ಅಲ್ಲಾಡಿತು, ಬೀಳಲಿಲ್ಲ. ಸೋತದ್ದು ನಾಲ್ಕು ಪಿನ್ನಿನಿಂದ. ಬಾಲು ಯಂತ್ರದೊಳಗಿನಿಂದ ಉರುಳಿ ಬಂದು ನನ್ನ ಮುಂದೆ ನಿಂತಿತು. ಅದರ ಮೈಮೇಲೆ ಎಣ್ಣೆಯ ಉಂಗುರಗಳು ಬಳೆ ತೊಟ್ಟ ಹಾಗೆ ಹೊಳೆಯುತ್ತಿದ್ದವು. ಅವನ್ನು ಅಂದು ಮೊದಲ ಸಲ ಕಣ್ಣಿಟ್ಟು ನೋಡಿದೆ.

ದಾರಿಯಲ್ಲೇ ಟೆಕ್ಸಸ್ಸಿನ ಭಾವಮೈದನಿಗೆ ಫೋನು. “ಬಿಸಿನೀರಲ್ಲಿ ಇಡಿ ಭಾವ, ಎಣ್ಣೆ ತಾನಾಗೇ ಬಿಡುತ್ತೆ” ಎಂದ. ‘ನಲ್ಲಿಯ ಬಿಸಿನೀರು’ ಎಂದು ಹೇಳಿದೆ ಅಂತ ಈಗ ವಾದಿಸುತ್ತಾನೆ. ನನಗೆ ಕೇಳಿಸಲಿಲ್ಲ. ಮನೆಗೆ ಬಂದವನೇ ತೂತುಗಳಿಗೆ ಟೇಪು ಸುತ್ತಿ, ದೊಡ್ಡ ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ, ಎರಡು ತೊಟ್ಟು ಸೋಪು ಬಿಟ್ಟು ಬಾಲನ್ನು ಇಳಿಸಿದೆ. ನೀರು ಕುದಿಯುವುದೊಂದು ಬಾಕಿ. ನಿಜ ಹೇಳಬೇಕೆಂದರೆ ಆ ಹದಿನೈದು ನಿಮಿಷ ಸಂಭ್ರಮವಾಗಿತ್ತು. ಮೈಯಿಂದ ಬೆವರಿನ ಹನಿಯ ಹಾಗೆ ಎಣ್ಣೆ ಒಸರಿತು, ನೀರಿನ ಮೇಲೆ ಸಾರಿನ ಒಗ್ಗರಣೆಯಂತೆ ಹಳದಿ ಕಣ್ಣುಗಳು ತೇಲಿದವು.

“ರೀ, ಅದು ಇಡ್ಲಿ ಪಾತ್ರೆ ಕಣ್ರೀ!” ಹೆಂಡತಿ ಮಹಡಿಯಿಂದ ಇಳಿದಿದ್ದಳು. “ಥೂ, ಏನ್ ನಾತ! ಮೊದ್ಲು ಅದನ್ನ ಆಚೆ ಇಡಿ.”

ಆಚೆ ಎಂದರೆ ಗ್ಯಾರೇಜು. ಹೊರಗೆ ಮೈನಸ್ 15 ಡಿಗ್ರಿ, ಒಳಗೂ ಹೆಚ್ಚುಕಮ್ಮಿ ಅಷ್ಟೇ. ಹೊಗೆಯಾಡುವ ಬಾಲನ್ನು ಸಿಮೆಂಟು ನೆಲದ ಮೇಲಿಟ್ಟು ಬಂದೆ. ಬಾಲು ಒಂದೇ ವಸ್ತುವಲ್ಲ. ಹೊರಗೆ ಕವರು, ಒಳಗೆ ಬೇರೆ ಬೇರೆ ತಿರುಳು. ಒಂದೊಂದೂ ಒಂದೊಂದು ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತದೆ. ಹೊರಗಿನದು ಬೇಗ ತಣ್ಣಗಾಗಿ ಬಿಗಿಯುತ್ತದೆ, ಒಳಗಿನದು ಇನ್ನೂ ಹಿಗ್ಗಿಯೇ ಇರುತ್ತದೆ. ಅಂಗಡಿಯವನು ಇದನ್ನು ವಿವರಿಸುವಾಗ ಬಿರುಕಿನ ಮೇಲೆ ಬೆರಳಾಡಿಸುತ್ತಾ, “60 ಆಟಕ್ಕೆ ತನ್ನಿ ಅಂದಿದ್ದೆ” ಎಂದ. ಅಷ್ಟೇ ಅಂದ. ಬೈದಿದ್ದರೆ ವಾಸಿಯಿತ್ತು.

ಎಷ್ಟು ಆಟಕ್ಕೆ ಕವರು ಸಾಯುತ್ತದೆ ಎಂದು ಈಗ ಲೀಗಿನ ಹೊಸಬರು ನನ್ನನ್ನೇ ಕೇಳುತ್ತಾರೆ, ಬಾಲು ಬೇಯಿಸಿದವನೆಂಬ ಖ್ಯಾತಿ ಬಂದುಬಿಟ್ಟಿದೆ. ಆಟದ ಲೆಕ್ಕಕ್ಕಿಂತ ಒರೆಸಿದ ಲೆಕ್ಕ ನೋಡಿ. ಆಟ ಮುಗಿದ ಕೂಡಲೇ, ಬಾಲು ಇನ್ನೂ ಬೆಚ್ಚಗಿರುವಾಗಲೇ, ಶೂ ಬಿಚ್ಚುವ ಮೊದಲೇ, ಒಪ್ಪಿಗೆ ಇರುವ ಕ್ಲೀನರಿನಿಂದ ಒರೆಸಿಬಿಡಿ. ಅಸಿಟೋನಿನಂಥದ್ದು ಬೇಡ, ಕವರೇ ಮೆತ್ತಗಾದೀತು. 1973ರಲ್ಲಿ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಬಾಲುಗಳನ್ನು ದ್ರಾವಕದಲ್ಲಿ ನೆನೆಸಿ ಮೆತ್ತಗೆ ಮಾಡಿಯೇ ಒಂದೇ ವರ್ಷ ಆರು ಪ್ರಶಸ್ತಿ ಹೊಡೆದ. ಬಾಲು ಇಷ್ಟು ಗಟ್ಟಿಯಿರಲೇಬೇಕೆಂಬ ನಿಯಮ ಬಂದದ್ದೇ ಆಮೇಲೆ. ಮೈ ಉಜ್ಜಿಸುವುದು ಅಂಗಡಿಯವನ ಕೆಲಸ, ಎಣ್ಣೆ ಇಳಿಸುವುದೂ ಅವನದೇ, ಅವನ ಹತ್ತಿರ ಹದವಾದ ಶಾಖದ ಯಂತ್ರವಿದೆ. ಮನೆಯಲ್ಲೇ ಮಾಡುತ್ತೇನೆಂದು ಹಟವಿದ್ದರೆ ನೀರು 60 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಆಮೇಲೆ ಮನೆಯೊಳಗೇ ನಿಧಾನಕ್ಕೆ ಆರಬೇಕು. ಚಳಿಗಾಲದಲ್ಲಿ ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ.

ಹೊಸ ಬಾಲಿನ ಡಬ್ಬಿಯ ಮೇಲೆ ಪ್ರತಿ ಬುಧವಾರ ಸೀಸದಕಡ್ಡಿಯಲ್ಲಿ ಮೂರು ಗೀಟು ಎಳೆಯುತ್ತೇನೆ. ನಿನ್ನೆಗೆ 57 ಆಯಿತು. ಅದು ಮಲಗುವುದು ನಮ್ಮ ಕೋಣೆಯಲ್ಲೇ, ನನ್ನ ಕಡೆಯ ಮಂಚದ ಕೆಳಗೆ. ಇಡ್ಲಿ ಪಾತ್ರೆ ಗ್ಯಾರೇಜಿನಲ್ಲಿದೆ.