ಪಿಯುಸಿ ಓದುವಾಗಲೇ ಕಾಲೇಜು ಪಾಠ: ಕ್ರೆಡಿಟ್ ಲೆಕ್ಕ ತಿಳಿದು ಹಣ ಕಟ್ಟಿ

ಬೆಳೆಗಾರ ಬಂಧುಗಳ ಮನೆಗಳಲ್ಲಿ ಈಚೆಗೆ ಒಂದು ಮಾತು ಕೇಳಿಬರುತ್ತಿದೆ. ಮಕ್ಕಳು ಪಿಯುಸಿ ಓದುತ್ತಿರುವಾಗಲೇ ಆನ್‌ಲೈನಿನಲ್ಲಿ ಕಾಲೇಜಿನ ಪಾಠ ಕಲಿತು, ಮುಂದೆ ಡಿಗ್ರಿಯಲ್ಲಿ ಅಷ್ಟು ಭಾಗವನ್ನು ಉಳಿಸಿಕೊಳ್ಳಬಹುದಂತೆ ಎಂಬುದು ಆ ಮಾತು. ಅಮೆರಿಕದಲ್ಲಿರುವ ನೆಂಟರು ಇದನ್ನು ಹೇಳುತ್ತಾರೆ. ಕೋರ್ಸು ಮಾರುವವರೂ ಹೇಳುತ್ತಾರೆ. ಇದರಲ್ಲಿ ನಿಜ ಎಷ್ಟು, ನಮ್ಮ ಮಕ್ಕಳಿಗೆ ಒದಗುವುದು ಎಷ್ಟು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಅಡಿಕೆ ಮಾರಿದ ಹಣದಿಂದ ಶುಲ್ಕ ಕಟ್ಟುವ ಮೊದಲು ಇದಿಷ್ಟು ತಿಳಿದಿರುವುದು ಒಳ್ಳೆಯದು.

ಕ್ರೆಡಿಟ್ ಎಂದರೇನು?

ಹಳೆಯ ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. 1990ರ ದಶಕದ ನಡುಭಾಗದವರೆಗೆ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇತ್ತು. ನಾವು ಕೊಟ್ಟ ಕಾಫಿಯ ಜಾತಿ, ದರ್ಜೆ ನೋಡಿ ನಮ್ಮ ಲೆಕ್ಕಕ್ಕೆ ಪಾಯಿಂಟು ಬರೆಯುತ್ತಿದ್ದರು. ಕಾಫಿ ಮಾರಾಟವಾದಂತೆ ಆ ಪಾಯಿಂಟಿನ ಮೇಲೆ ಕಂತುಕಂತಾಗಿ ಹಣ ಬರುತ್ತಿತ್ತು. ಕ್ರೆಡಿಟ್ ಎಂಬುದೂ ಅಂಥದೇ ಪಾಯಿಂಟು. ವಿದ್ಯಾರ್ಥಿ ಒಂದು ವಿಷಯಕ್ಕೆ ಹಾಕಿದ ದುಡಿಮೆಯನ್ನು ಅಳೆದು, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಕ್ರೆಡಿಟ್ ಬರೆಯುತ್ತಾರೆ. 2023ರಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಪಾಠ, ಓದು, ಅಭ್ಯಾಸ ಎಲ್ಲ ಸೇರಿ 30 ಗಂಟೆಯ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್.

ಇಲ್ಲಿ ಒಂದು ಅಂಶವನ್ನು ಮುಖ್ಯವಾಗಿ ಗಮನಿಸಬೇಕು. ಪಾಯಿಂಟಿಗೆ ಬೆಲೆ ಬಂದದ್ದು ಮಂಡಳಿ ಅದನ್ನು ಒಪ್ಪಿ ಹಣ ಕೊಡುತ್ತಿದ್ದುದರಿಂದ. ಹಾಗೆಯೇ ಕ್ರೆಡಿಟ್ಟಿಗೆ ಬೆಲೆ ಬರುವುದು ಮುಂದೆ ಸೇರುವ ಕಾಲೇಜು ಅದನ್ನು ಒಪ್ಪಿಕೊಂಡಾಗ ಮಾತ್ರ. ಕಲಿಸಿದವರು ಕೊಟ್ಟ ಪ್ರಮಾಣಪತ್ರ ಎಷ್ಟೇ ಚೆನ್ನಾಗಿದ್ದರೂ ಈ ಮಾತು ತಪ್ಪದು.

ಅಮೆರಿಕದ ಪದ್ಧತಿ

ನೆಂಟರು ಹೇಳುವುದು ಸುಳ್ಳಲ್ಲ. ಅಲ್ಲಿ ಹೈಸ್ಕೂಲು ನಮ್ಮ ದ್ವಿತೀಯ ಪಿಯುಸಿಯವರೆಗೆ, ಅಂದರೆ ಹನ್ನೆರಡನೆಯ ತರಗತಿಯವರೆಗೆ ನಡೆಯುತ್ತದೆ. 1985ರಲ್ಲಿ ಮಿನ್ನೆಸೋಟ ರಾಜ್ಯ ಒಂದು ಕಾನೂನು ಮಾಡಿತು. ಅದರಂತೆ ಕೊನೆಯ ಎರಡು ತರಗತಿಗಳ ಮಕ್ಕಳು ಕಾಲೇಜಿನ ಪಾಠಕ್ಕೆ ಸೇರಬಹುದು, ಶುಲ್ಕ ಸರ್ಕಾರದ್ದು. ಆ ಒಂದೇ ಪಾಠ ಹೈಸ್ಕೂಲಿನ ಲೆಕ್ಕಕ್ಕೂ ಸೇರುತ್ತದೆ, ಕಾಲೇಜಿನ ಲೆಕ್ಕಕ್ಕೂ ಸೇರುತ್ತದೆ. ಇದಕ್ಕೆ ಡ್ಯುಯಲ್ ಕ್ರೆಡಿಟ್, ಎಂದರೆ ಜೋಡಿ ಕ್ರೆಡಿಟ್ ಎಂದು ಹೆಸರು. ಬೇರೆ ರಾಜ್ಯಗಳೂ ಇದನ್ನು ಅನುಸರಿಸಿದವು. ಕ್ರಮೇಣ ಆನ್‌ಲೈನ್ ಪಾಠಗಳೂ ಇದರೊಳಗೆ ಬಂದವು.

ಆದರೆ ಅಲ್ಲಿಯೂ ತೊಡಕುಗಳಿವೆ. ಸರ್ಕಾರಿ ಕಾಲೇಜಿನಲ್ಲಿ ಪಡೆದ ಕ್ರೆಡಿಟ್ಟನ್ನು ಅದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳು ಅನೇಕ ವೇಳೆ ಒಪ್ಪುವುದಿಲ್ಲ. ಪಾಠದಲ್ಲಿ ಕಡಿಮೆ ದರ್ಜೆ ಬಂದರೆ ಅದು ಕಾಲೇಜಿನ ಕಾಯಂ ದಾಖಲೆಯಲ್ಲಿ ಉಳಿದುಬಿಡುತ್ತದೆ.

ನಮ್ಮಲ್ಲಿ ಇರುವುದೇನು?

ನಮ್ಮ ದೇಶದಲ್ಲಿ ಪಾಠಗಳಿಗೆ ಕೊರತೆಯಿಲ್ಲ. 2003ರಲ್ಲಿ ಆರಂಭವಾದ ಎನ್‌ಪಿಟಿಇಎಲ್ ಯೋಜನೆಯಲ್ಲಿ ಏಳು ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿಕೊಂಡವು. 2017ರ ಜುಲೈ 9ರಂದು ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ ಉದ್ಘಾಟನೆಯಾಯಿತು. ಎನ್‌ಪಿಟಿಇಎಲ್ ಪಾಠಗಳೂ ಅದರಲ್ಲಿ ಸಿಗುತ್ತವೆ. ಸೇರಲು, ಪಾಠ ಕೇಳಲು ಹಣವಿಲ್ಲ. ಎನ್‌ಪಿಟಿಇಎಲ್ ಪಾಠಗಳಿಗೆ ಇಂತಿಷ್ಟು ಓದಿರಬೇಕೆಂಬ ಕಟ್ಟುಪಾಡೂ ಇಲ್ಲ. ಪಿಯುಸಿ ಹುಡುಗಿಯೂ ಸೇರಬಹುದು, ಅವಳ ತಂದೆಯೂ ಸೇರಬಹುದು. ಮಣ್ಣು ಮತ್ತು ನೀರಿನ ಸಂರಕ್ಷಣೆಯಂಥ ತೋಟಕ್ಕೆ ಹತ್ತಿರದ ವಿಷಯಗಳೂ ಅದರಲ್ಲಿವೆ.

ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಎನ್‌ಪಿಟಿಇಎಲ್‌ನಲ್ಲಿ ಇದು ಒಂದು ವಿಷಯಕ್ಕೆ ಸಾವಿರ ರೂಪಾಯಿಯ ಆಸುಪಾಸು. ಪರೀಕ್ಷೆಯನ್ನು ಮನೆಯಲ್ಲಿ ಬರೆಯುವಂತಿಲ್ಲ, ನಗರದ ಕೇಂದ್ರಕ್ಕೇ ಹೋಗಬೇಕು. 100 ಅಂಕಗಳಲ್ಲಿ 25 ವಾರವಾರದ ಮನೆಪಾಠಕ್ಕೆ, 75 ಪರೀಕ್ಷೆಗೆ. ತೇರ್ಗಡೆಗೆ ಮನೆಪಾಠದಲ್ಲಿ 10, ಪರೀಕ್ಷೆಯಲ್ಲಿ 30 ಬರಲೇಬೇಕು.

ಕ್ರೆಡಿಟ್ಟಿನ ವಿಚಾರಕ್ಕೆ ಬರೋಣ. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರವರೆಗೆ ‘ಸ್ವಯಂ’ ಮೂಲಕ ಪಡೆಯಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಅದೇ ವರ್ಷ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಖಾತೆಯ ವ್ಯವಸ್ಥೆಯೂ ಬಂತು. ಸೊಸೈಟಿಯ ಪಾಸ್‌ಬುಕ್ಕಿನಂತೆ ವಿದ್ಯಾರ್ಥಿಯ ಕ್ರೆಡಿಟ್ಟುಗಳು ಅದರಲ್ಲಿ ಜಮೆಯಾಗುತ್ತವೆ. ಹೆಚ್ಚೆಂದರೆ ಏಳು ವರ್ಷ ಊರ್ಜಿತವಾಗಿರುತ್ತವೆ.

ಪಿಯುಸಿ ವಿದ್ಯಾರ್ಥಿಗೆ ಸಿಗುವುದೇನು?

ಮೇಲಿನ ಶೇಕಡಾ 40ರ ನಿಯಮ ಈಗಾಗಲೇ ಡಿಗ್ರಿಗೆ ಸೇರಿದವರಿಗೆ ಸಂಬಂಧಿಸಿದ್ದು. ಪಿಯುಸಿಯಲ್ಲಿ ಓದುತ್ತಲೇ ತೇರ್ಗಡೆಯಾದ ಪಾಠವನ್ನು ಮುಂದೆ ಡಿಗ್ರಿಗೆ ಎಣಿಸಿಕೊಳ್ಳುತ್ತಾರೆಂಬ ಖಾತರಿ ಇಲ್ಲ. ಸೇರುವ ಕಾಲೇಜು ಮತ್ತು ಅದರ ವಿಶ್ವವಿದ್ಯಾಲಯ ಲಿಖಿತವಾಗಿ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಿಯುಸಿ ಅಂಕಪಟ್ಟಿಯಲ್ಲಂತೂ ಇದಕ್ಕೆ ಸ್ಥಾನವಿಲ್ಲ. ಅಮೆರಿಕದ ಜೋಡಿ ಲೆಕ್ಕಕ್ಕೂ ನಮ್ಮ ವ್ಯವಸ್ಥೆಗೂ ಇರುವ ದೊಡ್ಡ ಅಂತರ ಇದೇ.

ಕೃಷಿ ಅಥವಾ ತೋಟಗಾರಿಕೆ ಬಿ.ಎಸ್ಸಿ. ಬಯಸುವ ಮಕ್ಕಳ ಪೋಷಕರು ಇನ್ನೊಂದು ಸಂಗತಿ ತಿಳಿದಿರಬೇಕು. ಕೃಷಿ, ತೋಟಗಾರಿಕೆ, ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಮುಂತಾದ ಪದವಿಗಳನ್ನು ಆನ್‌ಲೈನಿನಲ್ಲಿ ಕೊಡಲು ಯುಜಿಸಿ ಅನುಮತಿಯಿಲ್ಲ. ಕರ್ನಾಟಕದಲ್ಲಿ ಕೃಷಿ ಪದವಿಯ ಪ್ರವೇಶಕ್ಕೆ ಪಿಯುಸಿ, ಸಿಇಟಿ ಮತ್ತು ಕೃಷಿಕರ ಮಕ್ಕಳಿಗೆಂದೇ ನಡೆಯುವ ಪ್ರಾಯೋಗಿಕ ಪರೀಕ್ಷೆ ಮುಖ್ಯ. ಆನ್‌ಲೈನ್ ಪಾಠದ ಬೆನ್ನು ಹತ್ತಿ ಇವು ಹಿಂದೆ ಬೀಳಬಾರದು.

ಹಾಗಾದರೆ ಪ್ರಯೋಜನವೇ ಇಲ್ಲವೆ? ಇದೆ. ವಿಷಯ ತನಗೆ ಒಗ್ಗುತ್ತದೆಯೇ ಎಂದು ಮಗು ಖರ್ಚಿಲ್ಲದೆ ಪರೀಕ್ಷಿಸಿ ನೋಡಬಹುದು. ನಾಲ್ಕು ವರ್ಷದ ಶುಲ್ಕ ಕಟ್ಟಿದ ಮೇಲೆ ‘ಇದು ನನಗಾಗದು’ ಎನ್ನುವುದಕ್ಕಿಂತ ನಾಲ್ಕು ವಾರದ ಪಾಠ ಕೇಳಿ ಹೇಳುವುದು ಎಲ್ಲರಿಗೂ ಹಿತ.

ಹತ್ತಿರದ ಒಂದು ಮಾರ್ಗ

ಜೋಡಿ ಓದಿಗೆ ಬಹಳ ಹತ್ತಿರ ಬರುವ ಒಂದು ವ್ಯವಸ್ಥೆ ಮದ್ರಾಸಿನ ಐಐಟಿಯದು. ಡೇಟಾ ಸೈನ್ಸ್ ವಿಷಯದ ಅದರ ಆನ್‌ಲೈನ್ ಬಿ.ಎಸ್. ಪದವಿಯನ್ನು 2020ರಲ್ಲಿ ಪ್ರಕಟಿಸಿದರು. ಇದಕ್ಕೆ ಜೆಇಇ ಬೇಡ. ನಾಲ್ಕು ವಾರಗಳ ಪಾಠ ಕೇಳಿ, ಕೇಂದ್ರಕ್ಕೆ ಹೋಗಿ ಅರ್ಹತಾ ಪರೀಕ್ಷೆ ಬರೆಯಬೇಕು. ಪ್ರಥಮ ಪಿಯುಸಿಯ ವಾರ್ಷಿಕ ಪರೀಕ್ಷೆ ಬರೆದವರೂ ಈ ಅರ್ಹತಾ ಹಂತಕ್ಕೆ ಅರ್ಜಿ ಹಾಕಬಹುದು. ಯಾವ ವಿಭಾಗವಾದರೂ ಸರಿ, ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ಆದರೆ ಪದವಿಗೆ ಸೇರುವುದು ದ್ವಿತೀಯ ಪಿಯುಸಿ ಪಾಸಾದ ಮೇಲೆಯೇ. ಆದಾಯ ಮತ್ತು ವರ್ಗ ನೋಡಿ ಶುಲ್ಕದಲ್ಲಿ ವಿನಾಯಿತಿಯೂ ಇದೆ. ಒಂದು ಡಿಗ್ರಿಯನ್ನು ಕಾಲೇಜಿಗೆ ಹೋಗಿ, ಮತ್ತೊಂದನ್ನು ಆನ್‌ಲೈನಿನಲ್ಲಿ ಜೊತೆಜೊತೆಗೆ ಓದಲು 2022ರಿಂದ ಯುಜಿಸಿ ಒಪ್ಪಿಗೆ ಕೊಟ್ಟಿದೆ.

ಕಾಲ ನೋಡಿ ಸೇರಿಸಿ

ಎನ್‌ಪಿಟಿಇಎಲ್ ಪಾಠಗಳು ವರ್ಷಕ್ಕೆ ಎರಡು ಸರದಿಯಲ್ಲಿ, ಜನವರಿಯಲ್ಲಿ ಮತ್ತು ಜುಲೈಯಲ್ಲಿ ಆರಂಭವಾಗುತ್ತವೆ. ಜನವರಿಯ ಸರದಿ ಪಿಯುಸಿ ವಾರ್ಷಿಕ ಪರೀಕ್ಷೆಗೆ ಅಡ್ಡ ಬರುತ್ತದೆ. ಮನೆಯಲ್ಲೂ ಅಡಿಕೆ ಸುಲಿತ, ಕಾಫಿ ಕುಯ್ಲಿನ ಗಡಿಬಿಡಿ. ದ್ವಿತೀಯ ಪಿಯುಸಿಯವರು ಅದನ್ನು ಬಿಡುವುದೇ ಲೇಸು. ಜುಲೈ ಸರದಿ ಅನುಕೂಲ, ಆದರೆ ಮಳೆಗೆ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುತ್ತವೆ. ಪೇಟೆಗೆ ಹೋದ ದಿನ ವಾರದ ಪಾಠಗಳನ್ನು ಮೊಬೈಲಿಗೆ ಇಳಿಸಿಕೊಂಡು ಬರಬೇಕು. ಕೆಲವು ಪಾಠಗಳ ಬರಹರೂಪ ಕನ್ನಡದಲ್ಲೂ ಸಿಗುತ್ತದೆ.

ದುಡಿಮೆಯ ಲೆಕ್ಕವನ್ನೂ ಹಾಕಿ. 12 ವಾರದ ಪಾಠಕ್ಕೆ ಸಾಮಾನ್ಯವಾಗಿ 3 ಅಥವಾ 4 ಕ್ರೆಡಿಟ್. 30 ಗಂಟೆಯ ಲೆಕ್ಕದಲ್ಲಿ 90ರಿಂದ 120 ಗಂಟೆ, ಅಂದರೆ ವಾರಕ್ಕೆ ಎಂಟು ಹತ್ತು ಗಂಟೆ. ಬಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವ ಮಗುವಿಗೆ ಇದು ಸಣ್ಣ ಹೊರೆಯಲ್ಲ. ಮೊದಲಿಗೆ ಒಂದೇ ವಿಷಯ, ಅದೂ ನಾಲ್ಕು ವಾರದ್ದು ಸಾಕು.

ಹಣ ಕಟ್ಟುವ ಮೊದಲು ಕೇಳಿ

1. ಪಾಠ ನಡೆಸುವುದು ಯುಜಿಸಿ ಮಾನ್ಯತೆಯ ವಿಶ್ವವಿದ್ಯಾಲಯವೇ, ಬರಿಯ ಕಂಪನಿಯೇ? ವಿಶ್ವವಿದ್ಯಾಲಯದ ಹೆಸರಿನಲ್ಲಿ ಕಂಪನಿಗಳು ಫ್ರಾಂಚೈಸಿ ಮೂಲಕ ಆನ್‌ಲೈನ್ ಪದವಿ ಕೋರ್ಸು ನಡೆಸುವಂತಿಲ್ಲ ಎಂದು ಯುಜಿಸಿ 2022ರ ಜನವರಿಯಲ್ಲೇ ಎಚ್ಚರಿಸಿದೆ.

2. ಸಿಗುವುದು ಕ್ರೆಡಿಟ್ಟೋ, ಬರಿಯ ಪ್ರಮಾಣಪತ್ರವೋ? ಎಷ್ಟು ಕ್ರೆಡಿಟ್?

3. ಮಗು ಸೇರಬೇಕೆಂದಿರುವ ಕಾಲೇಜು ಅದನ್ನು ಒಪ್ಪುತ್ತದೆಯೇ? ಬರಹದಲ್ಲಿ ಕೊಡುತ್ತದೆಯೇ?

4. ಪರೀಕ್ಷಾ ಕೇಂದ್ರ ಎಲ್ಲಿ? ಬಸ್ಸು, ವಸತಿ ಸೇರಿ ಖರ್ಚೆಷ್ಟು?

5. ಇದೇ ಪಾಠ ‘ಸ್ವಯಂ’ನಲ್ಲಿ ಹಣವಿಲ್ಲದೆ ಸಿಗುತ್ತದೆಯೇ?

ಮೂರನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬಾರದಿದ್ದರೆ ಕ್ರೆಡಿಟ್ಟಿನ ಆಸೆಗೆ ಹಣ ಹಾಕಬೇಡಿ. ಕಲಿಯುವ ಆಸೆ ಮಗುವಿಗಿದ್ದರೆ ಉಚಿತ ಪಾಠಕ್ಕೆ ಸೇರಿಸಿ. ವಾರಕ್ಕೊಮ್ಮೆ ಪಕ್ಕದಲ್ಲಿ ಕುಳಿತು, ಏನು ಕಲಿತೆ ಎಂದು ಕೇಳಿ.