ಸಾಫ್ಟ್‌ವೇರ್ ಆಮೇಲೆ, ಮೊದಲು ರೋಗಿಯ ಹಿಂದೆ ನಡೆಯಿರಿ

ಆಸ್ಪತ್ರೆಯ ವಾರ್ಷಿಕ ಯೋಜನೆ ಎಂದಾಕ್ಷಣ ನಮ್ಮ ನರ್ಸಿಂಗ್ ಹೋಮ್‌ನವರು ವಿಚಾರಿಸುವುದು ಸಾಫ್ಟ್‌ವೇರ್ ಬೆಲೆ. ದಾವಣಗೆರೆಯ ಮಂಡಿಪೇಟೆಯ ಆಸುಪಾಸಿನಿಂದ ಹರಿಹರದವರೆಗೆ ಇದೇ ಕಥೆ. ಕಂಪ್ಯೂಟರ್ ಬರುತ್ತದೆ, ಸರತಿ ಮಾತ್ರ ಕರಗುವುದಿಲ್ಲ. ಕೆಲಸದ ಪ್ರತಿ ಹೆಜ್ಜೆಯನ್ನೂ ನಕ್ಷೆಯಾಗಿ ಬರೆದು ನೋಡುವ ಕ್ರಮವನ್ನು ಅಮೆರಿಕದ ಗಿಲ್‌ಬ್ರೆತ್ ದಂಪತಿ 1921ರಲ್ಲೇ ತೋರಿಸಿದ್ದಾರೆ. ಅದಕ್ಕೆ ಬೇಕಾದದ್ದು ಕಾಗದ, ಪೆನ್ನು, ಗಡಿಯಾರ.

ಹೆಚ್ಚು ಜನ ಬರುವ ದಿನವನ್ನೇ ಆರಿಸಿ. ಒಬ್ಬ ಸಿಬ್ಬಂದಿ, ರೋಗಿಯ ಒಪ್ಪಿಗೆ ಪಡೆದು, ಗೇಟಿನಿಂದ ಔಷಧಿ ಕೌಂಟರ್‌ವರೆಗೆ ಜೊತೆಗೇ ನಡೆಯಲಿ. ಯಾವುದು ಚಿಕಿತ್ಸೆ, ಯಾವುದು ಓಡಾಟ, ಯಾವುದು ಕಾಯುವಿಕೆ ಎಂದು ಸಮಯದ ಸಮೇತ ಬರೆಯಲಿ. ಮಾಲೀಕ ವೈದ್ಯರು ತಾವೇ ಹೋಗಬೇಡಿ. ನಿಮ್ಮನ್ನು ಕಂಡರೆ ಎಲ್ಲ ಕೌಂಟರ್‌ಗಳೂ ಚುರುಕಾಗುತ್ತವೆ. ಐದಾರು ರೋಗಿಗಳ ಪಟ್ಟಿ ಕೈಗೆ ಬಂದ ಮೇಲೆ ಪ್ರತಿ ಹೆಜ್ಜೆಗೂ ಕೇಳಿ: ಇದನ್ನು ತೆಗೆದರೆ ಯಾರಿಗೆ ನಷ್ಟ? ತೆಗೆಯಲಾಗದಿದ್ದರೆ ಇನ್ನೊಂದರ ಜೊತೆ ಸೇರಿಸಲು ಬರುತ್ತದೆಯೇ?

ಹೆಚ್ಚಿನವರು ಎಡವುವುದು ರಿಜಿಸ್ಟರ್‌ಗಳಲ್ಲಿ. ಹೊಸದು ಶುರುವಾಗುತ್ತದೆ, ಹಳೆಯದನ್ನು ಯಾರೂ ನಿಲ್ಲಿಸುವುದಿಲ್ಲ. ನೋಂದಣಿ, ನರ್ಸ್, ಲ್ಯಾಬ್, ಬಿಲ್ಲಿಂಗ್, ಔಷಧಿ, ಹೀಗೆ ಐದು ಕಡೆ ಅದೇ ಹೆಸರು, ಅದೇ ವಯಸ್ಸು, ಅದೇ ಊರು. ಮಂಡಿಯಲ್ಲಿ ಒಂದೇ ಮೂಟೆಯನ್ನು ಐದು ಸಲ ತೂಗಿದರೆ ಹಮಾಲರು ಸುಮ್ಮನಿರುತ್ತಾರೆಯೇ? ಇದು ಬರೀ ಸಮಯದ ಪ್ರಶ್ನೆಯಲ್ಲ. ಐದು ಸಲ ಕೈಯಲ್ಲಿ ಬರೆದ ಹೆಸರು ಎಲ್ಲೋ ಒಂದು ಕಡೆ ತಪ್ಪುತ್ತದೆ. ಒಬ್ಬ ಬಸವರಾಜನ ರಕ್ತದ ವರದಿ ಇನ್ನೊಬ್ಬ ಬಸವರಾಜನ ಫೈಲಿಗೆ ಸೇರುತ್ತದೆ. ಮೊದಲ ಕೌಂಟರ್‌ನಲ್ಲೇ ಒಂದು ನೋಂದಣಿ ಸಂಖ್ಯೆ ಕೊಡಿ, ಮುಂದೆಲ್ಲ ಹೆಸರಿನ ಜೊತೆ ಅದೇ ನಡೆಯಲಿ. ಹೊಸ ರಿಜಿಸ್ಟರ್ ತೆರೆಯುವ ದಿನವೇ ಒಂದು ಹಳೆಯದನ್ನು ಮುಚ್ಚಬೇಕೆಂಬ ನಿಯಮ ಮಾಡಿ.

ಆದರೆ ಸರಳಗೊಳಿಸುವ ಉತ್ಸಾಹದಲ್ಲಿ ಕತ್ತರಿ ಎಲ್ಲೆಂದರಲ್ಲಿ ಆಡಬಾರದು. ಆಪರೇಷನ್ ವೇಳೆ ಓದುವ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಸುರಕ್ಷತಾ ಪಟ್ಟಿ, ರಕ್ತ ಕೊಡುವ ಮುನ್ನದ ತಾಳೆ, ಒಪ್ಪಿಗೆ ಪತ್ರ, ಗರ್ಭಿಣಿಯರ ಸ್ಕ್ಯಾನಿಂಗ್‌ನ ‘ಎಫ್’ ನಮೂನೆ, ಪೊಲೀಸ್ ಪ್ರಕರಣಗಳ ದಾಖಲೆ: ಇವನ್ನು ಮುಟ್ಟಲೇಬೇಡಿ.

ತೆಗೆಯಲಾಗದ ಕಾಗದವನ್ನು ಎಲ್ಲಿ ಕೇಳುತ್ತೀರಿ ಎಂಬುದೂ ಮುಖ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಬರುವವರಿಗೆ ತುರ್ತು ಪ್ರಕರಣ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದನ್ನು ಬಿಲ್ಲಿಂಗ್‌ನಲ್ಲಿ ಕೇಳಿದರೆ ಹರಿಹರದಿಂದ ಬಂದವರು ಮತ್ತೆ ಬಸ್ ಹತ್ತಬೇಕಾಗುತ್ತದೆ. ಪಡಿತರ ಚೀಟಿ, ಆಧಾರ್, ರೆಫರಲ್ ಮೂರೂ ಬೇಕೆಂದು ಗೇಟಿನಲ್ಲೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ, ಅವನ್ನು ಮೊದಲ ಕೌಂಟರ್‌ನಲ್ಲೇ ನೋಡಿ.

ಇಷ್ಟಾದ ಮೇಲೆ ವರ್ಷದ ಯೋಜನೆ ಒಂದು ಪುಟದಲ್ಲಿ ಮುಗಿಯುತ್ತದೆ: ಮೂರು ಗುರಿ, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ, ಒಂದು ಗಡುವು. ಸಾಫ್ಟ್‌ವೇರ್ ಬೇಕೋ ಬೇಡವೋ ಆಗ ನಿರ್ಧರಿಸಿ. ಆ ಸಭೆಗೆ ವಾರ್ಡ್ ಆಯಾಗಳನ್ನೂ ಗೇಟಿನ ಕಾವಲುಗಾರರನ್ನೂ ದಯವಿಟ್ಟು ಕರೆಯಿರಿ. ರೋಗಿ ಎಲ್ಲಿ ದಾರಿ ತಪ್ಪುತ್ತಾನೆ ಎಂಬುದು ಅವರಿಗೆ ಗೊತ್ತಿರುತ್ತದೆ.